ಜರ್ಮನಿಯಿಂದ ಹೊರಡುವ ಮುನ್ನ: ಅಲ್ಲಿ ಕಲಿತದ್ದನ್ನು ಬರೆದಿಡುವ ಬಗೆ

ಸ್ನಾತಕೋತ್ತರ ಪದವಿಗೋ ಒಂದೆರಡು ವರ್ಷದ ಕೆಲಸಕ್ಕೋ ಜರ್ಮನಿಗೆ ಹೋದವರಲ್ಲಿ ಹೆಚ್ಚಿನವರು, ಅಲ್ಲಿನ ಜನಜೀವನ ತಮಗೆ ಏನು ಕಲಿಸಿತೆಂಬ ಯೋಚನೆಯನ್ನು ಊರು ಸೇರಿದ ಮೇಲೆ ಮಾಡಿದರಾಯಿತೆಂದು ಮುಂದೂಡುತ್ತಾರೆ. ಹಾಗೆ ಮಾಡಬೇಡಿ. ಅಲ್ಲಿ ಬಾಡಿಗೆ ಮನೆ ಬಿಡುವವರು ಸಾಮಾನ್ಯವಾಗಿ 3 ತಿಂಗಳು ಮುಂಚಿತವಾಗಿ ಲಿಖಿತ ನೋಟಿಸ್ ಕೊಡಬೇಕು. ಆ ಪತ್ರ ಕಳುಹಿಸಿದ ದಿನವೇ ಇದಕ್ಕೂ ಒಂದು ನೋಟ್‌ಬುಕ್ ತೆಗೆದಿಡಿ. ಊರಿನ ಸರ್ಕಾರಿ ಕಚೇರಿಯಲ್ಲಿರುವ ನಿಮ್ಮ ವಿಳಾಸದ ನೋಂದಣಿ ರದ್ದುಪಡಿಸುವ ಕೆಲಸವನ್ನು ಮನೆ ಬಿಡುವುದಕ್ಕೆ ಒಂದು ವಾರಕ್ಕಿಂತ ಮುಂಚೆ ಮಾಡಲಾಗದು, ಬಿಟ್ಟ ಎರಡು ವಾರದೊಳಗೆ ಮಾಡಲೇಬೇಕು. ಇದರ ಜೊತೆಗೆ ಬ್ಯಾಂಕ್ ಖಾತೆ, ಬೀಗದ ಕೈ ಒಪ್ಪಿಸುವುದು, ಠೇವಣಿಯ ಮಾತುಕತೆಗಳೂ ಸೇರಿ ಕೊನೆಯ ವಾರ ಕಳೆದುಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅರ್ಥವಾಗದ ಸಂಗತಿಯನ್ನು ಎದುರಿಗೆ ಕುಳಿತು ಕೇಳಬಲ್ಲ ಜನ ಆಗ ಇನ್ನೂ ನಿಮ್ಮ ಹತ್ತಿರವೇ ಇರುತ್ತಾರೆ.

ನೋಟ್‌ಬುಕ್ಕಿನಲ್ಲಿ ಮೊದಲು ಅಭಿಪ್ರಾಯಗಳನ್ನು ಬರೆಯಬೇಡಿ, ಘಟನೆಗಳನ್ನು ಬರೆಯಿರಿ. ‘ಇವರು ಶಿಸ್ತಿನ ಜನ’ ಎಂಬ ವಾಕ್ಯದಿಂದ ಹತ್ತು ವರ್ಷದ ನಂತರ ನಿಮಗೆ ಏನೂ ನೆನಪಾಗದು. ಎಲ್ಲಿ, ಯಾರು, ಯಾವ ಸಂದರ್ಭದಲ್ಲಿ ಏನು ಮಾಡಿದರು ಎಂಬುದಿದ್ದರೆ ಎಲ್ಲವೂ ನೆನಪಾಗುತ್ತದೆ. ಇದಕ್ಕೆ ನಮಗೊಂದು ಒಳ್ಳೆಯ ಮಾದರಿಯೂ ಇದೆ. ಜರ್ಮನಿಯಿಂದ ನಮ್ಮ ನಾಡಿಗೆ ಬಂದ ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಪದದ ಅರ್ಥವನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ; ಕಾವ್ಯಗಳಿಂದಲೂ ಗಾದೆಗಳಿಂದಲೂ ಪ್ರಯೋಗಗಳನ್ನು ಆಯ್ದು ಕೊಟ್ಟರು. ಪರನಾಡಿನಿಂದ ಬಂದವರೊಬ್ಬರು ನಮ್ಮನ್ನು ಅಷ್ಟು ತಾಳ್ಮೆಯಿಂದ ಗಮನಿಸಿದ್ದಾರೆ ಎನ್ನುವಾಗ, ಅವರ ನಾಡನ್ನು ನಾವು ಆತುರದಲ್ಲಿ ಅಳೆಯುವುದು ನ್ಯಾಯವಲ್ಲ.

ಇನ್ನು ನಿಜವಾದ ಕೆಲಸ: ಬರೆದ ಪ್ರತಿ ಘಟನೆಯ ಹಿಂದೆ ಏನಿದೆ ಎಂದು ಹುಡುಕುವುದು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಆ ದಿನ ಗೋಡೆಗೆ ಡ್ರಿಲ್ ಹಾಕಿದರೆ ನೆರೆಯವರು ಬಾಗಿಲು ತಟ್ಟುತ್ತಾರೆ. ಇದನ್ನು ಜನರ ಸ್ವಭಾವವೆಂದು ಬರೆದುಬಿಡುವುದು ಸುಲಭ. ಆದರೆ ಭಾನುವಾರದ ವಿಶ್ರಾಂತಿಗೆ 1919ರ ವೈಮಾರ್ ಸಂವಿಧಾನ ರಕ್ಷಣೆ ಕೊಟ್ಟಿತು, ಜರ್ಮನಿಯ ಈಗಿನ ಸಂವಿಧಾನವಾದ 1949ರ ಮೂಲಭೂತ ಕಾನೂನು ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಸಂಜೆಯಾದೊಡನೆ ಸಹೋದ್ಯೋಗಿಗಳು ಕಂಪ್ಯೂಟರ್ ಮುಚ್ಚಿ ಹೊರಡುವುದರ ಹಿಂದೆ, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸಾಮಾನ್ಯವಾಗಿ 11 ಗಂಟೆಯ ಬಿಡುವು ಇರಬೇಕೆನ್ನುವ 1994ರ ಕೆಲಸದ ಅವಧಿಯ ಕಾಯ್ದೆ ಇದೆ. ಖಾಲಿ ಬಾಟಲಿಗಳನ್ನು ಚೀಲದಲ್ಲಿ ತುಂಬಿ ಸೂಪರ್‌ಮಾರ್ಕೆಟ್ಟಿಗೆ ಮರಳಿ ಒಯ್ಯುವುದರಲ್ಲಿ ಪರಿಸರದ ಕಾಳಜಿಯಷ್ಟೇ ಅಲ್ಲ, ಒಮ್ಮೆ ಬಳಸಿ ಬಿಡುವ ಒಂದೊಂದು ಪ್ಲಾಸ್ಟಿಕ್ ಬಾಟಲಿಗೂ ಪಾನೀಯದ ಡಬ್ಬಿಗೂ ಕಟ್ಟಿದ 25 ಸೆಂಟ್ ಠೇವಣಿಯೂ ಇದೆ. ಇಂಥವಕ್ಕೆ ಠೇವಣಿ ಕಡ್ಡಾಯವಾದದ್ದು 2003ರಲ್ಲಿ. ಹೀಗೆ ಕಾನೂನಿನದು, ಹಣದ್ದು, ಹವಾಮಾನದ್ದು ಎಂದು ಒಂದೊಂದನ್ನೇ ಬೇರ್ಪಡಿಸಿದ ಮೇಲೆ ಉಳಿಯುವುದು ಸ್ವಲ್ಪವೇ, ಆದರೆ ಆ ಸ್ವಲ್ಪ ಬಹಳ ಬೆಲೆಯುಳ್ಳದ್ದು. ಉದಾಹರಣೆಗೆ, ಬಾಟಲಿ ಆಯ್ದು ಜೀವನ ಸಾಗಿಸುವವರು ಕಸದ ಡಬ್ಬಿಗೆ ಕೈ ಹಾಕುವಂತಾಗಬಾರದೆಂದು ಅನೇಕರು ಬಾಟಲಿಯನ್ನು ಡಬ್ಬಿಯ ಪಕ್ಕದಲ್ಲಿ ಇಟ್ಟು ಹೋಗುತ್ತಾರೆ. ಹಾಗೆ ಇಡಬೇಕೆಂದು ಅವರಿಗೆ ಯಾವ ಕಾನೂನೂ ಹೇಳಿಲ್ಲ.

ಕಾರಣ ಸಿಗದಿದ್ದಾಗ ಕೇಳಿ. ‘ನೀವೆಲ್ಲ ಏಕೆ ಹೀಗೆ’ ಎಂದರೆ ಯಾರಿಗಾದರೂ ಉತ್ತರಿಸಲು ಕಷ್ಟ. ‘ಮೊನ್ನೆ ಸಭೆಯಲ್ಲಿ ನನ್ನ ವರದಿಯ ತಪ್ಪನ್ನು ಎಲ್ಲರ ಮುಂದೆ ಹೇಳಿದಿರಿ, ಇಲ್ಲಿ ಅದು ವಾಡಿಕೆಯೇ?’ ಎಂದರೆ ಮಾತು ತೆರೆದುಕೊಳ್ಳುತ್ತದೆ. ಒಬ್ಬರ ಉತ್ತರವನ್ನೇ ನಂಬಬೇಡಿ. 1990ರವರೆಗೆ ಬೇರೆ ದೇಶವಾಗಿದ್ದ ಪೂರ್ವ ಜರ್ಮನಿಯಲ್ಲಿ ಬೆಳೆದವರನ್ನೂ, 1961ರ ಒಪ್ಪಂದದ ನಂತರ ಟರ್ಕಿಯಿಂದ ದುಡಿಯಲು ಬಂದ ಕುಟುಂಬಗಳ ಮಕ್ಕಳನ್ನೂ ಅದೇ ಪ್ರಶ್ನೆ ಕೇಳಿದರೆ, ನೀವು ಒಂದೇ ಎಂದುಕೊಂಡ ಸಂಸ್ಕೃತಿ ಹಲವಾಗಿ ಕಾಣುತ್ತದೆ. ನಿಮ್ಮ ತೀರ್ಮಾನಕ್ಕೆ ವಿರುದ್ಧವಾದದ್ದನ್ನೂ ಪಕ್ಕದಲ್ಲೇ ಬರೆಯಿರಿ: ಸಮಯಪಾಲನೆಯ ಬಗ್ಗೆ ಒಂದು ಪುಟ ಬರೆದವರು, ದೂರದ ರೈಲುಗಳು ತಡವಾಗಿ ಬರುವುದನ್ನೂ ಬರೆಯಲೇಬೇಕು.

ಕೆಲವು ಪುಟಗಳನ್ನು ನಮಗಾಗಿ ಮೀಸಲಿಡಿ. ನಮ್ಮ ಮನೆಗಳಲ್ಲಿ ಅತಿಥಿ ಮೊದಲ ಸಲ ಬೇಡವೆಂದದ್ದನ್ನು ಸಂಕೋಚವೆಂದೇ ತಿಳಿದು ಮತ್ತೆ ಬಡಿಸುತ್ತಾರೆ. ಅಲ್ಲಿ ಬೇಡವೆಂದರೆ ಬೇಡವೆಂದೇ ಅರ್ಥ, ತಟ್ಟೆ ಮುಂದಕ್ಕೆ ಹೋಗುತ್ತದೆ. ನಮ್ಮ ಒತ್ತಾಯದಲ್ಲಿ ಎಷ್ಟು ಪ್ರೀತಿಯಿದೆ, ಎದುರಿನವರ ಮಾತನ್ನು ಎಷ್ಟು ಕಡೆಗಣಿಸಿದ್ದೇವೆ ಎಂಬುದು ನನಗಂತೂ ದೂರದಲ್ಲಿದ್ದಾಗಲೇ ಯೋಚಿಸಬೇಕೆನಿಸಿದ ವಿಷಯ. ಎರಡೂ ಇದೆಯೆಂದೇ ನನ್ನ ಅಭಿಪ್ರಾಯ.

ಕೊನೆಗೆ, ಊರಿಗೆ ತರಬಹುದಾದದ್ದಕ್ಕೆ ಗುರುತು ಹಾಕಿ. ಭಾನುವಾರದ ನಿಶ್ಶಬ್ದವನ್ನು ಬೆಂಗಳೂರಿನ ಬೀದಿಗೆ ಒಬ್ಬರೇ ತರಲಾಗದು; ಆದರೆ ಕೈಕೆಳಗಿನವರಿಗೆ ರಾತ್ರಿ ಫೋನ್ ಮಾಡದಿರುವುದು, ಬರುವುದಾಗಿ ಹೇಳಿದ ಹೊತ್ತಿಗೆ ಬರುವುದು, ಆಗದ ಕೆಲಸವನ್ನು ಆಗದೆಂದು ಮೊದಲೇ ತಿಳಿಸುವುದು ನಿಮ್ಮ ಕೈಯಲ್ಲೇ ಇವೆ. ಮರಳಿ ಆರು ತಿಂಗಳಾದ ಮೇಲೆ ಅದೇ ಪುಟಗಳನ್ನು ಬೇರೆ ಬಣ್ಣದ ಪೆನ್ನು ಹಿಡಿದು ಓದಿ, ಇನ್ನೂ ಪಾಲಿಸುತ್ತಿರುವುದರ ಮುಂದೆ ದಿನಾಂಕ ಹಾಕಿ. ಬಿಟ್ಟುಹೋದದ್ದರ ಮುಂದೆ, ಯಾವ ಕಾರಣಕ್ಕೆ ಬಿಟ್ಟುಹೋಯಿತೆಂದು ಒಂದು ಸಾಲು ಬರೆಯಿರಿ.