ತಣ್ಣಗಿದ್ದ ಕೈ, ನಿಧಾನವಾಗಿದ್ದ ನರ: ನನ್ನ ಅನುಭವ

ಮಲೆನಾಡಿನ ಒಂದು ಆಸ್ಪತ್ರೆಯಲ್ಲಿ ನರವೇಗ ಪರೀಕ್ಷೆ ಮಾಡುವುದು ನನ್ನ ಕೆಲಸ. ಕೈ ಜೋಮು ಹಿಡಿಯುತ್ತದೆ, ಪಾದ ಉರಿಯುತ್ತದೆ, ಹಿಡಿದ ಲೋಟ ಜಾರುತ್ತದೆ ಎಂದು ಬರುವವರ ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ನರಕ್ಕೆ ಸಣ್ಣದೊಂದು ವಿದ್ಯುತ್ ತಟ್ಟು ಕೊಟ್ಟು, ಸಂಕೇತ ಎಷ್ಟು ಹೊತ್ತಿಗೆ, ಎಷ್ಟು ಎತ್ತರದ ಅಲೆಯಾಗಿ ಬಂದು ಮುಟ್ಟಿತು ಎಂಬುದನ್ನು ಪರದೆಯ ಮೇಲೆ ಅಳೆಯುತ್ತೇನೆ.

ಮೊದಲ ಪರೀಕ್ಷೆಯನ್ನು ನನ್ನ ಕೈಯ ಮೇಲೆಯೇ ಮಾಡಿಕೊಂಡೆ. ಹೆಬ್ಬೆರಳ ಬುಡದ ಉಬ್ಬಿದ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಮಣಿಕಟ್ಟಿನ ನಡುವೆ ಮೀಡಿಯನ್ ನರ ಹಾದುಹೋಗುವ ಕಡೆ ಪ್ರಚೋದಕವನ್ನು ಒತ್ತಿ, ವಿದ್ಯುತ್ತನ್ನು ಸ್ವಲ್ಪಸ್ವಲ್ಪವೇ ಏರಿಸಿದೆ. ಮೊದಮೊದಲು ಏನೂ ಆಗಲಿಲ್ಲ. ಒಂದು ಹಂತ ದಾಟಿದೊಡನೆ ಹೆಬ್ಬೆರಳು ಮಿಡುಕಿತು. ಇನ್ನಷ್ಟು ಏರಿಸಿದಾಗ ಅಲೆ ದೊಡ್ಡದಾಯಿತು. ಆಮೇಲೆ ಎಷ್ಟೇ ಏರಿಸಿದರೂ ಅದು ಬೆಳೆಯಲಿಲ್ಲ. ಒಂದೊಂದು ನರತಂತುವೂ ಸಂಕೇತವನ್ನು ಪೂರ್ತಿಯಾಗಿ ಕಳಿಸುತ್ತದೆ, ಇಲ್ಲವೇ ಕಳಿಸುವುದೇ ಇಲ್ಲ. ಅರ್ಧ ಸಂಕೇತ ಎಂಬುದಿಲ್ಲ. ಅಲೆ ಬೆಳೆದದ್ದು ಹೆಚ್ಚುಹೆಚ್ಚು ತಂತುಗಳು ಸೇರಿಕೊಂಡದ್ದರಿಂದ, ನಿಂತದ್ದು ಸೇರಲು ಇನ್ಯಾವ ತಂತುವೂ ಉಳಿಯದಿದ್ದರಿಂದ. ಪುಸ್ತಕದಲ್ಲಿ ಹಲವು ಸಲ ಓದಿದ್ದ ಈ ಸಂಗತಿ ನನಗೆ ನಿಜವಾಗಿ ಅರ್ಥವಾದದ್ದು ಅಂದು.

ಇದರ ಹಿಂದಿನ ಕೆಲಸ ಹೀಗೆ ನಡೆಯುತ್ತದೆ. ವಿಶ್ರಾಂತಿಯಲ್ಲಿರುವ ತಂತುವಿನ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಪ್ರಚೋದಕದ ಋಣಾಗ್ರವು ನರದ ಮೇಲಿನ ಈ ವ್ಯತ್ಯಾಸವನ್ನು ಕುಗ್ಗಿಸುತ್ತದೆ, ಮತ್ತು ಅದು ಸುಮಾರು 55 ಮಿಲಿವೋಲ್ಟ್‌ಗೆ ಇಳಿಯುತ್ತಲೇ ತಂತುವಿನ ಗೋಡೆಯಲ್ಲಿರುವ ಸೋಡಿಯಂ ಚಾನೆಲ್‌ಗಳು ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಸೋಡಿಯಂ ಒಳನುಗ್ಗಿ ಒಳಭಾಗ ಕ್ಷಣಕಾಲ ಧನವಾಗುತ್ತದೆ. ಬಳಿಕ ಆ ಚಾನೆಲ್‌ಗಳು ತಾವಾಗಿಯೇ ಮುಚ್ಚಿಕೊಂಡು, ಪೊಟ್ಯಾಸಿಯಂ ಹೊರಬಂದು, ಎಲ್ಲವೂ ಮೊದಲಿನ ಸ್ಥಿತಿಗೆ ಮರಳುತ್ತದೆ. ಇಷ್ಟಕ್ಕೂ ಹಿಡಿಯುವ ಕಾಲ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್. ಮುಚ್ಚಿಕೊಳ್ಳುವ ಈ ಹಂತವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ನಾನು ಎಡವಿದ್ದು ಅದನ್ನು ಮರೆತೇ.

ಒಂದು ಕಡೆ ಎದ್ದ ಈ ಸಂಕೇತ ಮುಂದೆ ಸಾಗಬೇಕು. ತೂತುಬಿದ್ದ ಪೈಪಿನಲ್ಲಿ ತೋಟದ ತುದಿಗೆ ನೀರು ಮುಟ್ಟದಿರುವಂತೆ, ಹೊದಿಕೆಯಿಲ್ಲದ ತಂತುವಿನಲ್ಲಿ ವಿದ್ಯುತ್ತು ದಾರಿಯುದ್ದಕ್ಕೂ ಸೋರುತ್ತದೆ. ಆದ್ದರಿಂದಲೇ ನಮ್ಮ ವೇಗದ ನರಗಳಿಗೆ ಮಯಲಿನ್ ಎಂಬ ಕೊಬ್ಬಿನಂಶದ ಪೊರೆ ಸುತ್ತುಸುತ್ತಾಗಿ ಹೊದ್ದಿರುತ್ತದೆ. ಪೊರೆಗಳ ನಡುವಿನ ಕಿರಿದಾದ ಬಿಡುವುಗಳಲ್ಲಿ ಸೋಡಿಯಂ ಚಾನೆಲ್‌ಗಳು ಒತ್ತೊತ್ತಾಗಿದ್ದು, ಸಂಕೇತವು ಒಂದು ಬಿಡುವಿನಿಂದ ಮುಂದಿನ ಬಿಡುವಿಗೆ ಹೊಸದಾಗಿ ಎದ್ದು ಎದ್ದು ಸಾಗುತ್ತದೆ. ಪೊರೆ ಕೆಟ್ಟರೆ ವೇಗ ಕುಸಿಯುತ್ತದೆ. ತಂತುಗಳೇ ಸತ್ತರೆ ಉಳಿದವುಗಳ ವೇಗ ಬಹುಮಟ್ಟಿಗೆ ಹಾಗೇ ಇದ್ದು ಅಲೆಯ ಎತ್ತರ ತಗ್ಗುತ್ತದೆ. ನಮ್ಮ ಪರೀಕ್ಷೆಯ ಬಹುಪಾಲು ತೀರ್ಮಾನಗಳು ನಿಂತಿರುವುದು ಈ ಎರಡು ಮಾತುಗಳ ಮೇಲೆ.

ವೇಗವನ್ನು ಒಂದೇ ಜಾಗದಲ್ಲಿ ಪ್ರಚೋದಿಸಿ ಲೆಕ್ಕ ಹಾಕಲಾಗದು. ನರದಿಂದ ಸ್ನಾಯುವಿಗೆ ಸಂದೇಶ ದಾಟಲು ಹಿಡಿಯುವ ಹೊತ್ತೂ ಅದರಲ್ಲಿ ಸೇರಿರುತ್ತದೆ. ಹಾಗಾಗಿ ಮಣಿಕಟ್ಟಿನಲ್ಲೊಮ್ಮೆ, ಮೊಣಕೈಯಲ್ಲೊಮ್ಮೆ ತಟ್ಟು ಕೊಟ್ಟು ಎರಡು ಕಾಲಗಳನ್ನು ಕಳೆಯಬೇಕು. ನನ್ನ ಕೈಯಲ್ಲಿ ಮಣಿಕಟ್ಟಿನಿಂದ 3.6, ಮೊಣಕೈಯಿಂದ 7.8 ಮಿಲಿಸೆಕೆಂಡ್ ಬಂತು. ನಡುವಿನ ದೂರ ಟೇಪಿನಲ್ಲಿ 23 ಸೆಂಟಿಮೀಟರ್. ಎಂದರೆ ಸೆಕೆಂಡಿಗೆ ಸುಮಾರು 55 ಮೀಟರ್. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದ ವೇಗವನ್ನು ಕಂಡುಕೊಂಡದ್ದೂ ಇದೇ ಕಳೆಯುವ ಉಪಾಯದಿಂದ. ನರಸಂಕೇತದ ವೇಗವನ್ನು ಅಳೆಯಲು ಸಾಧ್ಯವೇ ಇಲ್ಲ ಎಂದು ಅವರ ಗುರುವೇ ನಂಬಿದ್ದ ಕಾಲವದು ಎಂಬುದನ್ನು ನೆನೆದಾಗಲೆಲ್ಲ ನನಗೆ ಆ ಸರಳ ವ್ಯವಕಲನದ ಮೇಲೆ ಗೌರವ ಹೆಚ್ಚುತ್ತದೆ.

ಈಗ ಆ ತಪ್ಪಿನ ವಿಷಯ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಮಾಗಿಯ ಒಂದು ಬೆಳಿಗ್ಗೆ, ತೋಟದ ಕೆಲಸ ಮಾಡುವ ಒಬ್ಬ ತಾಯಿ ಮೊದಲ ಬಸ್ಸಿಗೇ ಬಂದಿದ್ದರು. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿದರೆ ಸ್ವಲ್ಪ ಸರಿಹೋಗುತ್ತದೆ ಎಂಬುದು ಅವರ ತೊಂದರೆ. "ಕರೆಂಟು ಕೊಟ್ರೆ ಏನೂ ಆಗಲ್ಲ ಅಲ್ವಾ ಸಾರ್?" ಎಂದು ಕೇಳಿದರು. "ಚುರುಕ್ ಅನ್ನುತ್ತೆ ಅಷ್ಟೇ, ಹೆದರಬೇಡಿ ಅಮ್ಮಾ" ಎಂದು ಪರೀಕ್ಷೆ ಶುರುಮಾಡಿದೆ. ಮುಂಗೈಯಲ್ಲಿ ಮೀಡಿಯನ್ ನರದ ವೇಗ 44 ಮೀಟರ್ ಮಾತ್ರ ಬಂತು. ಕಿರುಬೆರಳಿನ ಕಡೆಗೆ ಹೋಗುವ ಅಲ್ನಾರ್ ನರವೂ ನಿಧಾನ, ಎಡಗೈಯೂ ನಿಧಾನ. ಎಲ್ಲೆಡೆ ಪೊರೆಗೆ ಹಾನಿಯಾಗಿದೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿ ವರದಿ ಬರೆಯತೊಡಗಿದ್ದೆ.

ನಮ್ಮ ಹಿರಿಯ ವೈದ್ಯರು ಪರದೆಯನ್ನು ನೋಡಿ, ಏನೂ ಹೇಳದೆ, ಆ ತಾಯಿಯ ಅಂಗೈಯನ್ನು ಮುಟ್ಟಿ ನೋಡಿದರು. ಆಮೇಲೆ ನನ್ನನ್ನೂ ಮುಟ್ಟಲು ಹೇಳಿದರು. ಕೈ ಮಂಜಿನಷ್ಟು ತಣ್ಣಗಿತ್ತು. ಚರ್ಮದ ಉಷ್ಣತೆ 26 ಡಿಗ್ರಿ. ಕೈಯ ಪರೀಕ್ಷೆಗೆ ಅದು 32ಕ್ಕಿಂತ ಕಡಿಮೆಯಿರಬಾರದು. ಒಂದೊಂದು ಡಿಗ್ರಿ ಇಳಿದಾಗಲೂ ವೇಗ ಸೆಕೆಂಡಿಗೆ ಒಂದೂವರೆಯಿಂದ ಎರಡೂವರೆ ಮೀಟರ್‌ನಷ್ಟು ತಗ್ಗುತ್ತದೆ.

ನನಗೆ ಇಂದಿಗೂ ನೋವಾಗುವುದು ಉಷ್ಣತೆ ಅಳೆಯದಿದ್ದುದಕ್ಕಿಂತ ಹೆಚ್ಚಾಗಿ, ಎದುರಿಗಿದ್ದ ಸುಳಿವನ್ನು ಓದದಿದ್ದುದಕ್ಕೆ. ಬೆರಳಿನಿಂದ ಪಡೆದ ಅಲ್ನಾರ್ ಸಂವೇದನೆಯ ಅಲೆ ತಡವಾಗಿ ಬಂದಿದ್ದರೂ ಎತ್ತರವಾಗಿಯೂ ಅಗಲವಾಗಿಯೂ ಇತ್ತು. ಪೊರೆ ಕೆಟ್ಟ ನರದಲ್ಲಿ ತಂತುಗಳ ಸಂಕೇತಗಳು ಚದರಿ ಅಲೆ ತಗ್ಗಬೇಕಾಗಿತ್ತು. ಚಳಿಯಲ್ಲಾದರೆ ಸೋಡಿಯಂ ಚಾನೆಲ್‌ಗಳು ತೆರೆಯುವುದೂ ನಿಧಾನ, ಮುಚ್ಚಿಕೊಳ್ಳುವುದು ಇನ್ನೂ ನಿಧಾನ. ತೆರೆದೇ ಇರುವಷ್ಟು ಹೊತ್ತು ಹೆಚ್ಚು ಸೋಡಿಯಂ ಒಳಬರುವುದರಿಂದ ಅಲೆ ಹಿಗ್ಗುತ್ತದೆ. ನಿಧಾನ ಮತ್ತು ಎತ್ತರ ಒಟ್ಟಿಗೆ ಕಂಡರೆ ಮೊದಲು ಕೈ ಮುಟ್ಟಿ ನೋಡಬೇಕು.

ಅವರ ಎರಡೂ ಕೈಗಳನ್ನು ಬೆಚ್ಚನೆಯ ನೀರಿನಲ್ಲಿ ಸುಮಾರು ಇಪ್ಪತ್ತು ನಿಮಿಷ ಇಡಿಸಿ, ಒರೆಸಿ, ಎಲೆಕ್ಟ್ರೋಡ್‌ಗಳನ್ನು ಹೊಸದಾಗಿ ಅಂಟಿಸಿದೆವು. ಚರ್ಮ 33 ಡಿಗ್ರಿಗೆ ಬಂದಾಗ ಮುಂಗೈಯ ವೇಗ 55ಕ್ಕೆ ಏರಿತು, ಅಲ್ನಾರ್ ನರ ಪೂರ್ತಿ ಸರಿಯಾಯಿತು, ಎಡಗೈಯಲ್ಲೂ ದೋಷವೇನೂ ಉಳಿಯಲಿಲ್ಲ. ಆದರೆ ಬಲ ಮಣಿಕಟ್ಟಿನಿಂದ ಹೆಬ್ಬೆರಳಿಗೆ ಮೀಡಿಯನ್ ನರದ ಸಂಕೇತ ಮುಟ್ಟಲು ಆಗಲೂ 5 ಮಿಲಿಸೆಕೆಂಡ್ ಬೇಕಾಯಿತು, ನಮ್ಮಲ್ಲಿ 4.2ರವರೆಗೆ ಮಾತ್ರ ಸಹಜ. ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನರ ಒತ್ತಿಕೊಂಡು ಆ ತುಣುಕಿನಲ್ಲಷ್ಟೇ ಪೊರೆ ಸವೆದಿತ್ತು. ಎಲ್ಲೆಡೆ ಹರಡಿದ್ದ ಚಳಿಯ ನಿಧಾನದೊಳಗೆ ಈ ನಿಜವಾದ ನಿಧಾನ ಅಡಗಿಹೋಗಿತ್ತು.

ವೈದ್ಯರು ರಾತ್ರಿ ಕಟ್ಟಿಕೊಳ್ಳಲು ಮಣಿಕಟ್ಟಿನ ಪಟ್ಟಿ ಬರೆದುಕೊಟ್ಟರು. ಮೂರು ತಿಂಗಳ ಬಳಿಕ ಅವರು ಮತ್ತೆ ಬಂದಾಗ, ಜೋಮು ಹಿಡಿದು ಎಚ್ಚರವಾಗುವುದು ಕಡಿಮೆಯಾಗಿದೆ ಎಂದರು. ನಾನು ಮೊದಲು ಥರ್ಮಾಮೀಟರನ್ನು ಅವರ ಅಂಗೈಗಿಟ್ಟು, ವರದಿಯ ಮೊದಲ ಸಾಲಿನಲ್ಲಿ ಉಷ್ಣತೆಯನ್ನು ಬರೆದುಕೊಂಡು, ಆಮೇಲೆ ಎಲೆಕ್ಟ್ರೋಡ್ ಅಂಟಿಸಿದೆ.