ಮಾತೃ ವಂದನಾ ನೆರವು: ಅರ್ಜಿಗೆ ಮೊದಲೇ ಆಗಬೇಕಾದ ಕೆಲಸ

ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಡಿ ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತುಗಳಲ್ಲಿ ತಾಯಿಯ ಖಾತೆಗೆ ಬರುತ್ತದೆ. ಎರಡನೆಯ ಮಗು ಹೆಣ್ಣಾದರೆ 6,000 ರೂಪಾಯಿ ಒಂದೇ ಸಲಕ್ಕೆ ಬರುತ್ತದೆ. ಅರ್ಹತೆಯಿದ್ದೂ ಹಣ ಬಾರದಿದ್ದರೆ, ಅದಕ್ಕೆ ಕಾರಣ ಅರ್ಜಿ ನಮೂನೆಗಿಂತ ಹೆಚ್ಚಾಗಿ ತಡವಾದ ನೋಂದಣಿ ಅಥವಾ ಹೊಂದಾಣಿಕೆಯಾಗದ ಬ್ಯಾಂಕ್ ಖಾತೆಯಾಗಿರುತ್ತದೆ. ಆದ್ದರಿಂದ ಕೆಲಸವನ್ನು ಬಸಿರು ಖಚಿತವಾದ ವಾರದಿಂದಲೇ ಆರಂಭಿಸುವುದು ಒಳ್ಳೆಯದು.

ಮೊದಲಿಗೆ ಊರಿನ ಆಶಾ ಕಾರ್ಯಕರ್ತೆಯ ಮೂಲಕ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ಆಗ ಕೊನೆಯ ಮುಟ್ಟಿನ ಮೊದಲ ದಿನ ಯಾವುದೆಂದು ಕೇಳುತ್ತಾರೆ. ಅದನ್ನು ಅಂದಾಜಿನಲ್ಲಿ ಹೇಳದೆ ನೆನಪು ಮಾಡಿಕೊಂಡು ಸರಿಯಾಗಿ ಬರೆಸುವುದು ಮುಖ್ಯ. ಏಕೆಂದರೆ ಆ ದಿನದಿಂದ ಆರು ತಿಂಗಳೊಳಗೆ ಕನಿಷ್ಠ ಒಂದು ಗರ್ಭಿಣಿ ತಪಾಸಣೆ ನಡೆದು ದಾಖಲಾಗಿದ್ದರೆ ಮಾತ್ರ 3,000 ರೂಪಾಯಿಯ ಮೊದಲ ಕಂತು ಸಿಗುತ್ತದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ನಡೆಯುತ್ತದೆ. ಕೂಲಿ ಬಿಟ್ಟು ಹೋಗಬೇಕಾದವರು ಆ ದಿನವನ್ನೇ ಆರಿಸಿಕೊಳ್ಳಬಹುದು.

ಹೆಚ್ಚು ಎಚ್ಚರ ಬೇಕಾಗಿರುವುದು ಬ್ಯಾಂಕಿನ ವಿಷಯದಲ್ಲಿ. ಹಣ ಬರುವುದು ಅರ್ಜಿದಾರಳ ಸ್ವಂತ ಖಾತೆಗೆ. ಗಂಡನ ಅಥವಾ ಅತ್ತೆಯ ಖಾತೆಗೆ ಅಲ್ಲ. ಖಾತೆಗೆ ಆಧಾರ್ ಸಂಖ್ಯೆಯನ್ನು ಕೊಟ್ಟಿದ್ದೇವೆ ಎಂದಷ್ಟಕ್ಕೆ ಸಮಾಧಾನಪಡುವಂತಿಲ್ಲ. ಸರ್ಕಾರದ ನೇರ ವರ್ಗಾವಣೆಯ ಹಣ ಪಡೆಯಲು ಅದೇ ಖಾತೆ ಆಧಾರ್‌ಗೆ ಜೋಡಣೆಯಾಗಿದೆಯೇ ಎಂಬುದನ್ನು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಕೇಳಿ ತಿಳಿಯಬೇಕು. ಎರಡು ಮೂರು ಖಾತೆಗಳಿದ್ದವರಿಗೆ ಹಣವು ಮರೆತೇಹೋದ ಹಳೆಯ ಖಾತೆಗೆ ಜಮೆಯಾಗುವುದುಂಟು. ತವರಿನ ಹೆಸರು ಆಧಾರ್‌ನಲ್ಲಿಯೂ ಮದುವೆಯ ನಂತರದ ಹೆಸರು ಪಾಸ್‌ಬುಕ್ಕಿನಲ್ಲಿಯೂ ಇದ್ದರೆ ಅದನ್ನು ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಬೇಕು.

ಅರ್ಹತೆಗೆ ಬಿಪಿಎಲ್ ಪಡಿತರ ಚೀಟಿ, ಉದ್ಯೋಗ ಖಾತರಿ ಜಾಬ್ ಕಾರ್ಡ್, ಇ-ಶ್ರಮ್ ಕಾರ್ಡ್, ಪರಿಶಿಷ್ಟ ಜಾತಿ ಅಥವಾ ಪಂಗಡದ ಪ್ರಮಾಣಪತ್ರ, ವರ್ಷಕ್ಕೆ 8 ಲಕ್ಷ ರೂಪಾಯಿಗಿಂತ ಕಡಿಮೆ ಕುಟುಂಬ ಆದಾಯದ ದಾಖಲೆ ಮುಂತಾದವುಗಳಲ್ಲಿ ಯಾವುದಾದರೊಂದು ಸಾಕು. ಸರ್ಕಾರಿ ಕಾಯಂ ನೌಕರಿಯಲ್ಲಿರುವವರಿಗೆ ಈ ನೆರವು ಇಲ್ಲ. ಗಂಡನ ಆಧಾರ್ ಈಗ ಕಡ್ಡಾಯವಲ್ಲ. ಒಂಟಿ ತಾಯಂದಿರನ್ನು ವರ್ಷಗಟ್ಟಲೆ ಹೊರಗಿಟ್ಟಿದ್ದ ಈ ಷರತ್ತು ಮೊದಲೇ ಇರಬಾರದಿತ್ತು.

ಈ ದಾಖಲೆಗಳೊಂದಿಗೆ ಅಂಗನವಾಡಿ ಕಾರ್ಯಕರ್ತೆಯ ಬಳಿ ಅರ್ಜಿ ಹಾಕಿಸಿ, ಸ್ವೀಕೃತಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಯೋಜನೆಯ ಜಾಲತಾಣದಲ್ಲಿ ಫಲಾನುಭವಿಯೇ ನೇರವಾಗಿ ಅರ್ಜಿ ತುಂಬಲೂ ಅವಕಾಶವಿದೆ.

ಉಳಿದ 2,000 ರೂಪಾಯಿ ಬರಬೇಕಾದರೆ ಮಗುವಿನ ಜನನ ನೋಂದಣಿಯಾಗಿ, ಮೊದಲ ಸುತ್ತಿನ ಲಸಿಕೆಗಳು ಪೂರ್ಣಗೊಂಡಿರಬೇಕು. ಹುಟ್ಟಿದಾಗಿನ ಬಿಸಿಜಿಯಿಂದ ಹಿಡಿದು 6, 10 ಮತ್ತು 14ನೇ ವಾರದ ಲಸಿಕೆಗಳವರೆಗೆ ಪ್ರತಿಯೊಂದನ್ನೂ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಬಾಣಂತನಕ್ಕೆ ತವರಿಗೆ ಹೋದವರು ಕಾರ್ಡನ್ನು ಗಂಡನ ಮನೆಯಲ್ಲೇ ಬಿಟ್ಟುಹೋದರೆ ದಾಖಲೆ ಇಲ್ಲಿಯೇ ತಪ್ಪುತ್ತದೆ. ಗರ್ಭಪಾತವಾದರೆ ಅಥವಾ ಮಗು ಸತ್ತು ಹುಟ್ಟಿದರೆ ಹಕ್ಕು ಮುಗಿದುಹೋಗುವುದಿಲ್ಲ. ಮುಂದಿನ ಬಸಿರಿನಲ್ಲಿ ಆ ತಾಯಿಯನ್ನು ಹೊಸ ಫಲಾನುಭವಿಯೆಂದೇ ಪರಿಗಣಿಸುತ್ತಾರೆ.

2013ರ ಆಹಾರ ಭದ್ರತಾ ಕಾಯ್ದೆಯು ತಾಯಿಗೆ ಕನಿಷ್ಠ 6,000 ರೂಪಾಯಿ ಎಂದು ಹೇಳಿದ್ದರೂ ಮೊದಲ ಮಗುವಿಗೆ 5,000 ಮಾತ್ರ ಏಕೆ ಎಂಬ ಪ್ರಶ್ನೆ ಸಹಜ. ಜನನಿ ಸುರಕ್ಷಾ ಯೋಜನೆಯ ಹಣ ಸೇರಿದರೆ ಸರಾಸರಿ 6,000 ಆಗುತ್ತದೆ ಎಂಬುದು ಸರ್ಕಾರದ ಸಮಜಾಯಿಷಿ. ನಮ್ಮ ರಾಜ್ಯದಲ್ಲಿ ಆ ಯೋಜನೆಯಡಿ ಆಸ್ಪತ್ರೆ ಹೆರಿಗೆಗೆ ಸಿಗುವುದು ಗ್ರಾಮೀಣ ಭಾಗದಲ್ಲಿ 700, ನಗರದಲ್ಲಿ 600 ರೂಪಾಯಿ. ಅದೂ ಬಿಪಿಎಲ್ ಮತ್ತು ಪರಿಶಿಷ್ಟ ಕುಟುಂಬಗಳಿಗೆ ಮಾತ್ರ. ಲೆಕ್ಕ ಕೂಡುವುದಿಲ್ಲ. ಹಾಗೆಂದು ಅದನ್ನು ಬಿಡಬೇಕಿಲ್ಲ, ಹೆರಿಗೆಯಾದ ಆಸ್ಪತ್ರೆಯಲ್ಲಿ ಕೇಳಿ ಪಡೆಯಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧ, ರಕ್ತ, ಊಟ ಮತ್ತು ಮನೆಗೆ ಬಿಡುವ ವಾಹನಕ್ಕೆ ಹಣ ಕೊಡಬೇಕಿಲ್ಲ ಎಂಬುದು 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ನಿಯಮ.

ಅರ್ಜಿ ಹಾಕಿ ತಿಂಗಳುಗಳಾದರೂ ಹಣ ಬಾರದಿದ್ದರೆ ಮೊದಲು ಬ್ಯಾಂಕಿನಲ್ಲಿ ಆಧಾರ್ ಜೋಡಣೆಯನ್ನು ಮತ್ತೊಮ್ಮೆ ಪರಿಶೀಲಿಸಿ, ನಂತರ ಸ್ವೀಕೃತಿ ಸಂಖ್ಯೆ ಹಿಡಿದು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಿ, ಅರ್ಜಿ ಯಾವ ಹಂತದಲ್ಲಿ ನಿಂತಿದೆ ಎಂದು ಕೇಳಬೇಕು. ತಿದ್ದುಪಡಿಗೆಂದು ಅರ್ಜಿ ಹಿಂದಿರುಗಿದ್ದರೆ ಅಲ್ಲಿಯೇ ಸರಿಪಡಿಸಿ ಮತ್ತೆ ಕಳುಹಿಸಬಹುದು.