ಹಳೇ ಫೋನಿನಲ್ಲಿ ಓದು ಕಲಿಸಿದ್ದು: ನನ್ನ ಅನುಭವ

ಹೋದ ತಿಂಗಳು ಸುತ್ತಲಿನ ಶಾಲೆಗಳಿಗೆ ಬಂದು ಪಾಠ ನೋಡುವ ಇಲಾಖೆಯ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಬಂದು ಐದನೇ ಕ್ಲಾಸಿನವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಓದಿಸಿದರು. 19 ಮಕ್ಕಳಲ್ಲಿ 16 ಜನ ತಡವರಿಸದೆ ಓದಿದರು. "ಏನ್ ಮಾಡಿದ್ರಿ ಮೇಡಂ?" ಎಂದು ಕೇಳಿದರು. "ಮೊಬೈಲ್ ಕೊಟ್ಟು ಮಕ್ಕಳನ್ನ ಹಾಳು ಮಾಡ್ತೀರಿ" ಎಂದು ಎರಡು ವರ್ಷ ಹೇಳುತ್ತಿದ್ದವರು ಪಕ್ಕದಲ್ಲೇ ನಿಂತಿದ್ದರು. ಅವತ್ತೇ ಇದನ್ನು ಬರೆಯಬೇಕು ಅನ್ನಿಸಿತು.

ನಮ್ಮದು ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆಯ ಸರ್ಕಾರಿ ಶಾಲೆ. ಜುಲೈ ಮಳೆ ಹಿಡಿದರೆ ಮೂರು ನಾಲ್ಕು ದಿನ ಕರೆಂಟ್ ಇರುವುದಿಲ್ಲ. ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು.

ಮೊದಲು ನಾನೂ ಪ್ರೊಜೆಕ್ಟರ್ ನಂಬಿದ್ದೆ. ಹಳೇ ವಿದ್ಯಾರ್ಥಿಗಳು ದುಡ್ಡು ಹಾಕಿ ಕೊಡಿಸಿದ್ದರು, ಸುಮಾರು 28,000 ಆಗಿರಬೇಕು. ಕಿಟಕಿ ಬೆಳಕಿಗೆ ಚಿತ್ರ ಕಾಣುತ್ತಿರಲಿಲ್ಲ. ಪರದೆ ಹೊಲಿಸಲು ಕೈಯಿಂದ 2,000 ಹಾಕಿದೆ. ಎರಡನೇ ಮಳೆಗಾಲಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯಿತು. ಹಾಸನಕ್ಕೆ ಬಸ್ಸಿನಲ್ಲಿ ಹೊತ್ತುಕೊಂಡು ಹೋದರೆ ರಿಪೇರಿಗೆ 6,000 ಕೇಳಿದರು. ವಾಪಸ್ ತಂದು ಬೀರುವಿನಲ್ಲಿ ಇಟ್ಟೆ. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ವಿಡಿಯೋ ಹಾಕಿದರೆ ಮಕ್ಕಳು ಸದ್ದಿಲ್ಲದೆ ನೋಡುತ್ತಿದ್ದರು. ಮರುದಿನ ಕೇಳಿದರೆ ಹಾಡೊಂದು ಬಿಟ್ಟು ಏನೂ ನೆನಪಿರುತ್ತಿರಲಿಲ್ಲ. ಪುಸ್ತಕದ ಕ್ಯೂಆರ್ ಕೋಡಿನಿಂದ ಸರ್ಕಾರದ ದೀಕ್ಷಾ ಆ್ಯಪಿನ ಪಾಠಗಳನ್ನು ಮನೆಯಲ್ಲಿ ಇಳಿಸಿಕೊಂಡು ಬಂದು ತೋರಿಸಿದೆ. ಪಾಠ ಚೆನ್ನಾಗಿದ್ದವು. ಆದರೆ ಒತ್ತಕ್ಷರವೇ ಬಾರದ ಮಗುವಿಗೆ ನೋಡಿದ್ದರಿಂದ ಓದು ಬರುವುದಿಲ್ಲವಲ್ಲ.

ದಾರಿ ಸಿಕ್ಕಿದ್ದು ಕಾಫಿ ಕುಯ್ಲಿನ ಸಮಯದಲ್ಲಿ. ತೋಟದ ಕೆಲಸ ಬಿಟ್ಟು ಪೋಷಕರ ಸಭೆಗೆ ಬರಲು ಆಗದ ತಾಯಿಯೊಬ್ಬರಿಗೆ ಕೇಳಿಸೋಣ ಎಂದು ಅವರ ಮಗಳ ಓದನ್ನು ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅವಳು ಕೇಳಿಸಿಕೊಂಡು, "ಮಿಸ್, ಪುಸ್ತಕದಲ್ಲಿ ಹಾಸನ ಅಂತ ಇದೆ, ನಾನು ಆಸನ ಅಂದಿದೀನಿ. ಇನ್ನೊಂದ್ ಸಲ ಓದ್ಲಾ?" ಎಂದಳು. ಆ ಹಕಾರವನ್ನು ನಾನು ಇಡೀ ವರ್ಷ ತಿದ್ದಿದ್ದೆ. ಮನೆಯಲ್ಲಿ ಆಲು, ಊವು ಎಂದೇ ಮಾತಾಡುವ ಮಕ್ಕಳು. ಆ ಮಾತು ತಪ್ಪಲ್ಲ, ಆದರೆ ಉಕ್ತಲೇಖನದಲ್ಲಿ ಅದೇ ಬಂದು ಕೂರುತ್ತದೆ. ನಾನು ಹೇಳಿದಾಗ ಕೇಳದ ಕಿವಿ ತನ್ನ ಧ್ವನಿಯನ್ನೇ ಕೇಳಿದಾಗ ಹಿಡಿದುಬಿಟ್ಟಿತು.

ಪರಿಚಯದವರ ಮನೆಗಳಲ್ಲಿ ಸುಮ್ನೆ ಬಿದ್ದಿದ್ದ ಫೋನುಗಳನ್ನು ಬೇಡಿ ತಂದೆ. 11 ಸಿಕ್ಕವು. ಮೂರರ ಬ್ಯಾಟರಿ ಊದಿತ್ತು, ಅವನ್ನು ಮಕ್ಕಳ ಹತ್ತಿರ ಬಿಡಲೇ ಇಲ್ಲ. ನಾಲ್ಕಕ್ಕೆ ಹೊಸ ಬ್ಯಾಟರಿ ಹಾಕಿಸಿದೆ, ಒಂದಕ್ಕೆ 350ರ ಹತ್ತಿರ. ಚಾರ್ಜರ್, ಮೆಮೊರಿ ಕಾರ್ಡ್ ಎಲ್ಲ ಸೇರಿ 4,000 ದಾಟಲಿಲ್ಲ. ಸಿಮ್ ತೆಗೆದು ಫ್ಲೈಟ್ ಮೋಡಿಗೆ ಹಾಕಿದರೆ ಒಂದು ಚಾರ್ಜು ಆರಾಮಾಗಿ ಮೂರು ದಿನ ಬರುತ್ತದೆ.

ಮೊದಲ ತಿಂಗಳು ಪೂರ್ತಿ ಹಾಳು. ಓದಿನ ಬದಲು ಸೆಲ್ಫಿಗಳೇ ತುಂಬಿದ್ದವು. ಮುಖ್ಯ ಶಿಕ್ಷಕರು ಫೋನುಗಳನ್ನು ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಹಾಕಿದರು. ನಾನು ಹದಿನೈದು ದಿನ ಕಾಡಿ ಬಿಡಿಸಿಕೊಂಡೆ. ಆಮೇಲೆ ಕೆಲಸ ಹಂಚಿದೆ. ಒಂದು ಫೋನಿಗೆ ನಾಲ್ಕು ಜನ, ಒಂದರಲ್ಲಿ ಮಾತ್ರ ಮೂವರು. ಒಬ್ಬರು ಓದಬೇಕು, ಒಬ್ಬರು ಸಾಲಿನ ಮೇಲೆ ಬೆರಳಿಡಬೇಕು, ಒಬ್ಬರು ಫೋನ್ ಹಿಡಿಯಬೇಕು, ಒಬ್ಬರು ತಪ್ಪಿಗೆ ಗೀಟು ಹಾಕಬೇಕು. ಆಮೇಲೆ ಎಲ್ಲರೂ ಕೇಳಬೇಕು. ಓದಿದ ಮಗುವೇ ಮೊದಲು ತನ್ನ ತಪ್ಪು ಹೇಳಬೇಕು. ಇದೊಂದನ್ನು ನಾನು ಬಿಟ್ಟುಕೊಡಲಿಲ್ಲ. ಪಕ್ಕದವರು ಮೊದಲು ಬಾಯಿ ಹಾಕಿದರೆ ಓದಿದ ಮಗು ಮುದುಡಿಕೊಳ್ಳುತ್ತದೆ.

ಜಾಸ್ತಿ ಬದಲಾವಣೆ ಕಂಡಿದ್ದು ಅರ್ಕಾವತ್ತಿನಲ್ಲಿ. ಬರೆಯುವಾಗ ಆ ರಕಾರದ ಗುರುತು ಅಕ್ಷರದ ಆಮೇಲೆ, ಓದುವಾಗ ಅಕ್ಷರಕ್ಕಿಂತ ಮೊದಲು. "ಸೂರ್ಯ" ಇದ್ದರೆ "ಸೂಯರ" ಎನ್ನುತ್ತಿದ್ದರು. ಮೂರು ವಾರ ಬರೀ ಅರ್ಕಾವತ್ತಿನ ಪದಗಳಿರುವ ಸಾಲುಗಳನ್ನು ಕೊಟ್ಟೆ. ಆ ಸಾಲುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ ಎನ್ನುವುದು ನನ್ನ ಡೈರಿಯಲ್ಲೇ ಇರಲಿ, ಅದು ಇನ್ನೂ ಪಳಗಬೇಕು. ಜೂನಿನಲ್ಲಿ ನಿಮಿಷಕ್ಕೆ ಇಪ್ಪತ್ತು ಪದ ಓದುತ್ತಿದ್ದವರು ಜನವರಿಗೆ ಐವತ್ತರ ಹತ್ತಿರ ಬಂದರು.

ಮಳೆಗಾಲದಲ್ಲಿ ಹೆಂಚಿನ ಸದ್ದಿಗೆ ರೆಕಾರ್ಡಿಂಗಿನಲ್ಲಿ ಏನೂ ಕೇಳುತ್ತಿರಲಿಲ್ಲ. ಅದಕ್ಕೊಂದು ಉಪಾಯವನ್ನು ಆರನೇ ಕ್ಲಾಸಿನ ಇಬ್ಬರು ಕಂಡುಹಿಡಿದರು. ವಿಜ್ಞಾನ ಮೇಳದಲ್ಲಿ ಅವರೇ ತೋರಿಸಲಿ, ನಾನು ಹೇಳುವುದಿಲ್ಲ.

ನಡುವೆ ಏಳನೇ ಕ್ಲಾಸಿಗೆ ಸ್ಕ್ರೀನಿನಲ್ಲೇ ವಿಜ್ಞಾನ ಪ್ರಯೋಗ ಮಾಡಿಸುವ ಫೆಟ್‌ನ ಕರೆಂಟ್ ಸರ್ಕ್ಯೂಟ್ ಪಾಠವನ್ನೂ ಇದೇ ಫೋನುಗಳಿಗೆ ಹಾಕಿದೆ. ಕೊಲೊರಾಡೊ ವಿಶ್ವವಿದ್ಯಾಲಯದವರು ಮಾಡಿದ್ದು. ಒಂದೇ ಫೈಲ್ ಇಳಿಸಿಕೊಂಡರೆ ಸಾಕು, ನೆಟ್ ಇಲ್ಲದೆ ಬ್ರೌಸರಿನಲ್ಲಿ ನಡೆಯುತ್ತದೆ. ಚಿಕ್ಕ ಸ್ಕ್ರೀನಿನಲ್ಲಿ ವೈರು ಜೋಡಿಸಲು ಮಕ್ಕಳ ಬೆರಳು ಒದ್ದಾಡಿತು. ಕೊನೆಗೆ ನಿಜವಾದ ಶೆಲ್ಲು, ಟಾರ್ಚಿನ ಬಲ್ಬು ತಂದುಕೊಟ್ಟೆ. ಮೊದಲು ಬಲ್ಬು, ಆಮೇಲೆ ಫೋನು ಎಂದು ಮಾಡಿದಾಗ ಅದು ಚೆನ್ನಾಗಿ ನಡೆಯಿತು.

ಐದನೇ ಕ್ಲಾಸಿನಲ್ಲಿ ಉಳಿದ ಮೂವರ ಪೈಕಿ ಇಬ್ಬರು ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು. ಅವರಿಗೆ ಮೊದಲು ನನ್ನ ಧ್ವನಿ ಕೇಳಿಸಿ, ಆಮೇಲೆ ಅವರದನ್ನು ರೆಕಾರ್ಡ್ ಮಾಡಿಸುತ್ತಿದ್ದೇನೆ. ಮೊನ್ನೆ ಒಬ್ಬ ಹುಡುಗ "ಮಳೆ" ಎಂದು ಓದಿ, ಕೇಳಿಸಿಕೊಂಡು, ಳಕಾರ ಸರಿಯಾಗಲಿಲ್ಲ ಎಂದು ಅವನೇ ಮತ್ತೆ ಬಟನ್ ಒತ್ತಿದ.